ಗಿಟಾರಿಗೆ ಸರಿಗಮ ಬೇಡವೆ?

ಕಳೆದ ತಿಂಗಳು ನಮ್ಮ ಸಂಘದ ಕೂಟ ಮುಗಿದು, ಸಭಿಕರು ಕಾಫಿಯ ಲೋಟ ಹಿಡಿದು ಮಾತನಾಡುತ್ತ ನಿಂತಿದ್ದಾಗ, ವಿದ್ಯೆಯಲ್ಲಿಯೂ ವಯಸ್ಸಿನಲ್ಲಿಯೂ ನನಗೆ ಹಿರಿಯರಾದ ಮಿತ್ರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ತಂಗಿಯ ಮಗಳು ಗಿಟಾರ್ ಹಿಡಿದಿದ್ದಾಳಂತೆ. ಒಳ್ಳೆಯ ಶಾರೀರವೊಂದು ಕೆಟ್ಟಿತು. ಸಾವಿರದ ನೂರು ವರ್ಷದ ಊರಿನಲ್ಲಿದ್ದುಕೊಂಡು ಇದನ್ನು ತಡೆಯಲಾಗಲಿಲ್ಲವೆ ನಿಮಗೆ?" ಎಂದು ಕೇಳಿದರು. ಅದಕ್ಕೆ ಎರಡು ದಿನ ಮುಂಚೆ, ಆ ಹುಡುಗಿ ಹೋಗುತ್ತಿದ್ದ ಗಿಟಾರ್ ತರಗತಿಯ ಉಪಾಧ್ಯಾಯರು ಅವಳಿಗೆ ಹೇಳಿದ್ದ ಮಾತು ಇದು: "ಮೊದಲು ನಿನ್ನ ಸರಿಗಮವನ್ನು ಮರೆತುಬಿಡು. ಅದಿರುವವರೆಗೆ ನಿನಗೆ ಹಾರ್ಮನಿ ಹತ್ತುವುದಿಲ್ಲ."

ಒಬ್ಬರು ಪೂರ್ವಕ್ಕೆ ಮುಖಮಾಡಿ ನಿಂತವರು, ಇನ್ನೊಬ್ಬರು ಪಶ್ಚಿಮಕ್ಕೆ. ಆದರೆ ಇಬ್ಬರ ಬೆನ್ನೂ ಒಂದಕ್ಕೊಂದು ತಗುಲಿಕೊಂಡಿರುವುದನ್ನು ಇಬ್ಬರೂ ಕಂಡಿಲ್ಲ. ಸರಿಗಮಕ್ಕೂ ಸ್ವರಮೇಳಕ್ಕೂ ಸಂಬಂಧವಿಲ್ಲ, ಒಂದನ್ನು ಬಿಟ್ಟಲ್ಲದೆ ಮತ್ತೊಂದು ಬಾರದು ಎಂಬುದು ಇಬ್ಬರಿಗೂ ಸಮ್ಮತವಾದ ಸಿದ್ಧಾಂತ. ಈ ಸಿದ್ಧಾಂತ ತಪ್ಪೆಂದು ನಾನು ವಾದಿಸತಕ್ಕವನು. ತಪ್ಪಾಗಿರುವುದಷ್ಟೇ ಅಲ್ಲದೆ, ಬೇಗೂರು, ಜಯನಗರ, ಬನಶಂಕರಿಗಳ ಅನೇಕ ಮನೆಗಳಲ್ಲಿ ಮಕ್ಕಳು ವರ್ಷಗಟ್ಟಲೆ ಪಟ್ಟ ಶ್ರಮವನ್ನು ಇದು ಮಣ್ಣುಪಾಲು ಮಾಡುತ್ತಿದೆಯಾಗಿ, ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

ಸಂಗತಿ ನಡೆದುದನ್ನು ನಡೆದಂತೆ ಹೇಳುತ್ತೇನೆ. ಹುಡುಗಿ ನಾಲ್ಕು ವರ್ಷ ಬಾಯಿಪಾಠದಲ್ಲಿ ಹಾಡುಗಾರಿಕೆ ಕಲಿತವಳು. ಸರಳೆ, ಜಂಟಿ, ದಾಟು, ಅಲಂಕಾರಗಳನ್ನು ಮೂರು ಕಾಲದಲ್ಲಿ ಹೇಳಬಲ್ಲಳು, ಗೀತೆಗಳು ಮುಗಿದು ಎರಡು ವರ್ಣಗಳಾಗಿದ್ದುವು. ಗಿಟಾರಿನ ಮೇಲೆ ಆಸೆಯಾಯಿತು, ತರಗತಿಗೆ ಸೇರಿಸಿದರು. ವಾರಕ್ಕೆರಡು ಸಂಜೆ ಬನ್ನೇರುಘಟ್ಟ ರಸ್ತೆಯ ವಾಹನಸಂದಣಿಯಲ್ಲಿ ನುಸುಳಿ ಹೋಗಿ ಬಂದದ್ದು ಎರಡು ವರ್ಷ. ಆರು ಗೀಟುಗಳ ಮೇಲೆ ಕಪ್ಪು ಚುಕ್ಕೆಗಳನ್ನಿಟ್ಟ ಚಿತ್ರಗಳನ್ನು ಕೊಟ್ಟರು. ಚಿತ್ರಕ್ಕೆ ಸರಿಯಾಗಿ ಬೆರಳಿಟ್ಟು ಬಲಗೈಯಿಂದ ಸವರಿದಳು. ಪರೀಕ್ಷೆ ಕಟ್ಟಿದಳು, ತೇರ್ಗಡೆಯಾದಳು. ಒಂದು ದಿನ ನಮ್ಮ ಮನೆಯಲ್ಲಿ ಜೋ ಪಾಸ್ ಎಂಬ ಅಮೆರಿಕದ ಗಿಟಾರ್ ವಾದಕನು 1973ರಲ್ಲಿ ಮುದ್ರಿಸಿದ 'ವರ್ಚುಯೋಸೊ' ಎಂಬ ರೆಕಾರ್ಡನ್ನು ಕೇಳಿದಳು. ಮೇಲೆ ಹಾಡಿನ ಧಾಟಿ, ಕೆಳಗೆ ನಡೆಯುವ ಮಂದ್ರ, ನಡುವೆ ಆಗಾಗ ಬಣ್ಣ ಬದಲಿಸುವ ಸ್ವರಗಳು. ಮುಗಿದ ಮೇಲೆ ಅವಳು ಕೇಳಿದಳು: "ಮಾವ, ಎಷ್ಟು ಜನ ನುಡಿಸುತ್ತಿದ್ದಾರೆ?" ಒಬ್ಬನೇ ಎಂದೆ. ನಂಬಲಿಲ್ಲ. ಮರುವಾರ ತರಗತಿಯಲ್ಲಿ, ತನಗೆ ಇದನ್ನು ಕಲಿಸಬೇಕೆಂದು ಕೇಳಿದಳಂತೆ. ಅವರು ಮತ್ತಷ್ಟು ಚಿತ್ರಗಳ ಒಂದು ಹಾಳೆಯನ್ನು ಕೊಟ್ಟರು. ಹುಡುಗಿ ಶ್ರದ್ಧೆಯಿಂದ ಎಲ್ಲವನ್ನೂ ಕಂಠಪಾಠ ಮಾಡಿದಳು. ಒಂದು ಹಾಡನ್ನಾದರೂ ನುಡಿಸಲು ಬರಲಿಲ್ಲ. ಧಾಟಿಯನ್ನು ಬಾಯಲ್ಲಿ ಹೇಳಿಕೊಂಡು ತಂತಿಯಲ್ಲಿ ಹುಡುಕುತ್ತಿದ್ದಾಗ ಬಂದದ್ದೇ ಮೇಲಿನ ಉಪದೇಶ. ಆ ರಾತ್ರಿ ಗಿಟಾರು ಬೀರುವಿನ ಮೇಲೆ ಹೋಯಿತು.

ಈ ಬಗೆಯ ವಾದನವನ್ನು ಜಾಝ್ ಗಿಟಾರಿನವರು ಕಾರ್ಡ್ ಮೆಲಡಿ ಎನ್ನುತ್ತಾರೆ. ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛವು ಕಾರ್ಡು. ಹಾಡಿನ ಧಾಟಿಯು ಮೆಲಡಿ. ಗುಚ್ಛದ ನೆತ್ತಿಯ ಮೇಲಿನ ಸ್ವರವು ಯಾವಾಗಲೂ ಹಾಡಿನ ಸ್ವರವೇ ಆಗಿರುವಂತೆ ಜೋಡಿಸಿ, ಒಂದೇ ವಾದ್ಯದಲ್ಲಿ ಹಾಡನ್ನೂ ಅದರ ಆಧಾರವನ್ನೂ ನುಡಿಸುವುದು ಇದರ ಲಕ್ಷಣ. ಗಿಟಾರೆಂದರೆ ಚಲನಚಿತ್ರದ ಹಾಡಿಗೋ ಸುಗಮ ಸಂಗೀತಕ್ಕೋ ಹಿಂದೆ ಕುಳಿತು ಝಣಝಣಿಸುವ ಪಕ್ಕವಾದ್ಯವೆಂದು ತಿಳಿದವರಿಗೆ ಇದು ಬೇರೊಂದು ವಾದ್ಯವೇ ಎನ್ನಿಸೀತು.

ಮೊದಲು ತರಗತಿಯ ಉಪಾಧ್ಯಾಯರ ಮಾತನ್ನು ಪರೀಕ್ಷಿಸೋಣ. ಹಾರ್ಮನಿಗೆ ಸರಿಗಮ ಅಡ್ಡಿಯೆ? ಒಂದು ಮನೆ ಶ್ರುತಿಯಲ್ಲಿ ಶಂಕರಾಭರಣವನ್ನು ಇಟ್ಟುಕೊಳ್ಳಿ. ಷಡ್ಜದಿಂದ ಹೊರಟು ಒಂದು ಸ್ವರವನ್ನು ಬಿಟ್ಟು ಒಂದನ್ನು ಹಿಡಿಯುತ್ತ ಹೋದರೆ ಸ ಗ ಪ ನಿ. ರಿಷಭದಿಂದ ಹೊರಟರೆ ರಿ ಮ ದ ಸ. ಪಂಚಮದಿಂದ ಪ ನಿ ರಿ ಮ. ದಾಟುವರಸೆಯಲ್ಲಿ ಒಂದಾದಮೇಲೊಂದು ಹೇಳಿದ ಸ್ವರಗಳನ್ನು ಏಕಕಾಲದಲ್ಲಿ ನುಡಿದರೆ ಅದೇ ಗುಚ್ಛ. ಜಾಝ್ ಸಂಗೀತದ ನೂರಾರು ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ನಡೆಯೊಂದಿದೆ. ರಿಷಭದ ಗುಚ್ಛದಿಂದ ಪಂಚಮದ ಗುಚ್ಛಕ್ಕೆ, ಅಲ್ಲಿಂದ ಷಡ್ಜದ ಗುಚ್ಛಕ್ಕೆ ಇಳಿದು ನಿಲ್ಲುವುದು. ಅವರು ಇದನ್ನು ಎರಡು-ಐದು-ಒಂದು ಎಂದು ಎಣಿಸುತ್ತಾರೆ. ಪುಸ್ತಕಗಳಲ್ಲಿ ಈ ಮೂರಕ್ಕೆ ಮೂರು ಚಿತ್ರಗಳಿರುತ್ತವೆ, ಚಿತ್ರಗಳಿಗೆ ಮೂರು ಹೆಸರುಗಳಿರುತ್ತವೆ. ಆದರೆ ಕಿವಿಗೊಟ್ಟು ಕೇಳಿದರೆ ಒಳಗೆ ನಡೆಯುವುದು ಇಷ್ಟೇ: ಒಂದು ದನಿ ಮ ಮ ಗ ಎನ್ನುತ್ತದೆ, ಇನ್ನೊಂದು ದನಿ ಸ ನಿ ನಿ ಎನ್ನುತ್ತದೆ. ಮೊದಲನೆಯದು ನಿಂತಾಗ ಎರಡನೆಯದು ಒಂದು ಮೆಟ್ಟು ಇಳಿಯುತ್ತದೆ. ಎರಡನೆಯದು ನಿಂತಾಗ ಮೊದಲನೆಯದು ಇಳಿಯುತ್ತದೆ. ಜಾಝ್ ಹಾರ್ಮನಿಯ ಬೆನ್ನೆಲುಬು ಇದು. ಸರಳೆ ಕಲಿತ ಎಂಟು ವರ್ಷದ ಮಗು ಇದನ್ನು ಹಾಡುತ್ತದೆ.

ಇದನ್ನೇ ಗಿಟಾರಿನಲ್ಲಿ ಇಡಿ. ಮೂರನೆಯ ತಂತಿಯ ಐದನೆಯ ಮೆಟ್ಟಿನಲ್ಲಿ ಷಡ್ಜ, ಎರಡನೆಯ ತಂತಿಯ ಆರನೆಯ ಮೆಟ್ಟಿನಲ್ಲಿ ಮಧ್ಯಮ. ಷಡ್ಜದ ಬೆರಳನ್ನು ಒಂದು ಮೆಟ್ಟು ಹಿಂದಕ್ಕೆ ತನ್ನಿ, ನಿಷಾದವಾಯಿತು. ಆಮೇಲೆ ಮಧ್ಯಮದ ಬೆರಳನ್ನು ಒಂದು ಮೆಟ್ಟು ಹಿಂದಕ್ಕೆ ತನ್ನಿ, ಗಾಂಧಾರವಾಯಿತು. ಎರಡು ತಂತಿ, ಎರಡು ಬೆರಳು, ಒಂದೊಂದು ಮೆಟ್ಟಿನ ಚಲನೆ. ಮೇಲಿನ ಸಣ್ಣ ತಂತಿಯ ಐದನೆಯ ಮೆಟ್ಟಿನಲ್ಲಿ ಧೈವತವೂ ಮೂರನೆಯ ಮೆಟ್ಟಿನಲ್ಲಿ ಪಂಚಮವೂ ಹಾಡಿನ ಸ್ವರಗಳಾಗಿ ಕಾದಿವೆ. ಬಿಟ್ಟ ಮಂದ್ರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಹೆಸರಿನ ಭಾರವನ್ನು ಹೊರಿಸದೆ, ಒಂದು ಸಂಜೆಯಲ್ಲಿ ಇಷ್ಟನ್ನು ಕಲಿಸಬಹುದಾಗಿದ್ದಾಗ, ಎರಡು ವರ್ಷ ಚುಕ್ಕೆಗಳನ್ನು ನೋಡಿಸಿದ್ದು ಏತಕ್ಕೆ?

ಉಪಾಧ್ಯಾಯರನ್ನು ಮಾತ್ರ ನಾನು ದೂರುತ್ತಿಲ್ಲ. ಇದೇ ತಪ್ಪನ್ನು ನಾನೇ ಮಾಡಿದ್ದೇನೆ. ನಲವತ್ತರ ಗಡಿ ದಾಟಿದ ಮೇಲೆ ಗಿಟಾರ್ ಹಿಡಿದು, ದಪ್ಪನೆಯ ಪುಸ್ತಕವೊಂದನ್ನು ತಂದು, ಅದರ ಗುಚ್ಛಗಳನ್ನು ಪಂಚಾಂಗದ ನಕ್ಷತ್ರಗಳಂತೆ ಬಾಯಿಪಾಠ ಮಾಡಿದೆ. ಮೂರು ವರ್ಷದ ಕೊನೆಯಲ್ಲಿ ನನ್ನಲ್ಲಿ ಗುಚ್ಛಗಳು ಇದ್ದುವು, ಸಂಗೀತವಿರಲಿಲ್ಲ. ಒಂದು ದಿನ ಪುಸ್ತಕ ಮುಚ್ಚಿ, ಒಂದು ಪಂಚಮವನ್ನು ಮಾತ್ರ ಹಿಡಿದು ಕುಳಿತೆ. ಅದರ ಕೆಳಗೆ ಸ ಗ ಇಟ್ಟರೆ ಪಂಚಮವು ಮನೆಯ ಯಜಮಾನನಂತೆ ನಿಶ್ಚಿಂತೆಯಾಗಿತ್ತು. ಗ ನಿ ರಿ ಇಟ್ಟರೆ, ಗಾಂಧಾರವನ್ನು ಷಡ್ಜವೆಂದು ಭಾವಿಸಿದಾಗ ಅದೇ ಪಂಚಮ ಸಾಧಾರಣ ಗಾಂಧಾರವಾಗಿ ಸ್ವಲ್ಪ ಖಿನ್ನವಾಯಿತು. ದ ಸ ಗ ಇಟ್ಟರೆ ಧೈವತಕ್ಕೆ ಅದು ಕೈಶಿಕಿ ನಿಷಾದ. ಎಲ್ಲಿಗೋ ಹೊರಟು ನಿಂತಂತೆ. ಮ ದ ಸ ಗ ಇಟ್ಟರೆ ಮಧ್ಯಮಕ್ಕೆ ಅದು ಮೇಲುಸ್ಥಾಯಿಯ ರಿಷಭ. ಬಾಗಿಲು ತೆರೆದ ಹಾಗೆ. ಸ್ವರ ಒಂದೇ, ಬೆರಳು ಅಲುಗಿಲ್ಲ, ಮುಖ ಮಾತ್ರ ನಾಲ್ಕು. ಗ್ರಹಭೇದವೆಂದು ನಮ್ಮವರು ಹೇಳುವುದು ಬೇರೇನು? ಆಧಾರ ಷಡ್ಜವನ್ನು ಬದಲಿಸಿದರೆ ರಾಗದ ಮುಖ ಬದಲಾಗುತ್ತದೆಂದು ಕಚೇರಿಯಲ್ಲಿ ತೋರಿಸಿದಾಗ ತಲೆದೂಗುವ ನಾವು, ಅದೇ ಚಮತ್ಕಾರ ಒಂದು ಮಾತ್ರೆಯೊಳಗೆ ನಡೆದರೆ ಅನ್ಯವೆನ್ನುತ್ತೇವೆ. ನಾನು ಆ ದಿನ ಕಲಿತಷ್ಟನ್ನು ಹಿಂದಿನ ಮೂರು ವರ್ಷದಲ್ಲಿ ಕಲಿತಿರಲಿಲ್ಲ.

ಚಿತ್ರಗಳೇ ಬೇಡವೆಂದು ನನ್ನ ವಾದವಲ್ಲ. ಗಿಟಾರಿನ ಕೈಗೆ ತನ್ನದೇ ಕಟ್ಟುಪಾಡುಗಳುಂಟು. ಸ ಗ ಪ ನಿ ಎಂದು ಒತ್ತೊತ್ತಾಗಿ ಇಟ್ಟರೆ ಬೆರಳು ಎಟುಕುವುದು ಕಷ್ಟ. ಮೇಲಿನಿಂದ ಎರಡನೆಯದಾದ ಪಂಚಮವನ್ನು ಒಂದು ಸ್ಥಾಯಿ ಕೆಳಕ್ಕಿಳಿಸಿ ಪ ಸ ಗ ನಿ ಮಾಡಿದರೆ ಕೈಗೆ ಕುಳಿತುಕೊಳ್ಳುತ್ತದೆ. ತಂತಿಗಳ ಶ್ರುತಿಯೂ ವಿಚಿತ್ರ: ಒಂದರಿಂದೊಂದಕ್ಕೆ ಷಡ್ಜ-ಮಧ್ಯಮದ ಅಂತರ, ಮೂರನೆಯದರಿಂದ ಎರಡನೆಯದಕ್ಕೆ ಮಾತ್ರ ಷಡ್ಜ-ಗಾಂಧಾರದ ಅಂತರ, ಆದುದರಿಂದ ಒಂದೇ ಗುಚ್ಛ ತಂತಿಯಿಂದ ತಂತಿಗೆ ಆಕಾರ ಬದಲಿಸುತ್ತದೆ. ಇವನ್ನು ಕಲಿಯಲೇಬೇಕು. ಆದರೆ ಮೊದಲು ಸ್ವರ, ಆಮೇಲೆ ಆಕಾರ. ಅಕ್ಷರ ಕಲಿಯದವನಿಗೆ ಸಹಿಯ ಚಿತ್ರ ಬಿಡಿಸಲು ಕಲಿಸಿದರೆ ಅವನು ಪತ್ರ ಬರೆಯಬಲ್ಲನೆ?

ಮತ್ತು ಈ ಜಾಝ್ ವಿದ್ಯೆ ಹುಟ್ಟಿದ್ದೇ ಕಿವಿಯಿಂದ ಎಂಬುದನ್ನು ನಮ್ಮ ತರಗತಿಗಳವರು ಮರೆತಂತಿದೆ. ಗುಚ್ಛಗಳಲ್ಲಿ ಧಾಟಿಯನ್ನು ಹಾಡಿಸುವುದರಲ್ಲಿ ಹೆಸರಾದ ಇಂಡಿಯಾನಾಪೊಲಿಸ್ಸಿನ ವೆಸ್ ಮಾಂಟ್ಗೊಮರಿ (1923-1968) ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಚಾರ್ಲಿ ಕ್ರಿಶ್ಚಿಯನ್ನರ ರೆಕಾರ್ಡುಗಳನ್ನು ಕೇಳಿ ಕೇಳಿ ಕಲಿತವರು ಅವರು. ಗುರುಮುಖೇನ ಕಿವಿಯಿಂದ ಕಲಿಯುವ ನಮ್ಮ ಪದ್ಧತಿಗೆ ಇದು ಹತ್ತಿರವೋ, ಚುಕ್ಕೆಯ ಹಾಳೆಗೆ ಹತ್ತಿರವೋ? ಇನ್ನೊಬ್ಬರು, ಜಾರ್ಜ್ ವ್ಯಾನ್ ಎಪ್ಸ್, ಮಂದ್ರದ ದನಿ ಸಾಲದೆಂದು 1930ರ ದಶಕದ ಕೊನೆಯಲ್ಲಿ ಗಿಟಾರಿಗೆ ಏಳನೆಯ ತಂತಿಯನ್ನು ಕಟ್ಟಿಸಿದರು. ನಮ್ಮ ತಿರುಮಕೂಡಲಿನ ಚೌಡಯ್ಯನವರು ಪಿಟೀಲಿನ ನಾದ ದೊಡ್ಡ ಸಭೆಗೆ ಮುಟ್ಟದೆಂದು ಅದಕ್ಕೆ ಏಳು ತಂತಿ ಕಟ್ಟಿದುದನ್ನು ಬಲ್ಲ ನಮಗೆ ಇದು ಪರಕೀಯವಾಗಿ ಕಾಣಬೇಕಾದುದಿಲ್ಲ. ಇನ್ನೂ ಒಂದು ಮಾತು. ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಹೆಸರುವಾಸಿಯಾದ ಮೇಲೆ ವಿದ್ವಾನ್ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತರು. ಮೆಟ್ಟುಗಳ ನಡುವಣ ಮರವನ್ನು ತೋಡಿಸಿ ತಂತಿ ಎಳೆಯಲು ಅನುಕೂಲವಾದ ಗಿಟಾರನ್ನು ಮಾಡಿಸಿಕೊಂಡರು. ಆತ ಸರಿಗಮವನ್ನು ಅರಸಿಕೊಂಡು ಬಂದ. ನಾವು ಅದಿರುವ ಮಗುವಿಗೆ ಮರೆಯಹೇಳುತ್ತೇವೆ!

ಇನ್ನು ಹಿರಿಯ ಮಿತ್ರರ ಕಡೆಗೆ ತಿರುಗಬೇಕು. ಅವರು ಸುಲಭದ ಎದುರಾಳಿಯಲ್ಲ. ಅವರ ಮೊದಲ ಆಕ್ಷೇಪಣೆ ಪ್ರಾಚೀನತೆಯದು. ನಮ್ಮ ನಾಗೇಶ್ವರನ ಗುಡಿಯ ವೀರಗಲ್ಲಿನಲ್ಲಿ ಬೆಂಗಳೂರೆಂಬ ಹೆಸರು ಸುಮಾರು ಕ್ರಿ. ಶ. 890ರ ಹೊತ್ತಿಗೇ ಬಂದಿದೆಯೆಂಬುದು ನಮಗೆಲ್ಲ ಅಭಿಮಾನದ ಸಂಗತಿ. ಆದರೆ ಆ ಕಲ್ಲು ಸಂಗೀತದ ವಿಚಾರವಾಗಿ ಏನನ್ನೂ ಹೇಳುವುದಿಲ್ಲ. ಹೇಳುವುದು ಒಂದು ಕಾಳಗದ ಮಾತು. ಗಿಟಾರನ್ನು ಹೊರಹಾಕಲು ಅದನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ. ಪಿಟೀಲು ನಮ್ಮ ಕಚೇರಿಗೆ ಬಂದು ಇನ್ನೂ ಇನ್ನೂರು ಚಿಲ್ಲರೆ ವರ್ಷ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಮೊದಲು ಹಿಡಿದವರಲ್ಲೊಬ್ಬರು. ಅಣ್ಣನವರು ಕೋಟೆಯ ಬ್ಯಾಂಡಿನ ಧಾಟಿಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ನೋಟುಸ್ವರಗಳೆಂದು ನಾವು ಹಾಡುವ ಆ ಸುಮಾರು ನಲವತ್ತು ಕೃತಿಗಳಲ್ಲಿ 'ಸಂತತಂ ಪಾಹಿಮಾಂ' ಆಂಗ್ಲರ ರಾಜಗೀತೆಯ ಧಾಟಿ. 'ಶ್ಯಾಮಳೇ ಮೀನಾಕ್ಷಿ' ಶಿಶುವಿಹಾರದ ಮಕ್ಕಳು ನಕ್ಷತ್ರದ ಪದ್ಯಕ್ಕೆ ಹಾಡುವ ಧಾಟಿ. ದೀಕ್ಷಿತರು ಮಡಿ ಕೆಟ್ಟೀತೆಂದು ಅಂಜಲಿಲ್ಲ. ಧಾಟಿ ಒಳಗೆ ಬಂತು. ಅದರ ಕೆಳಗೆ ಬ್ಯಾಂಡಿನವರು ನುಡಿಸುತ್ತಿದ್ದ ಸ್ವರಮೇಳ ಮಾತ್ರ ಹೊಸಿಲಿನ ಹೊರಗೇ ಉಳಿಯಿತು. ಉಳಿದುದನ್ನು ಈಗ ಒಳಕ್ಕೆ ಕರೆಯುವುದು ಅಪಚಾರವಾಗುವುದು ಹೇಗೆ? ಗಿಟಾರಿನ ಮೊದಲ ಪಾಠಗಳಿಗೆ ಇವುಗಳಿಗಿಂತ ಒಳ್ಳೆಯ ಹಾಡುಗಳನ್ನು ನಾನು ಕಾಣೆ; ಮಕ್ಕಳಿಗೆ ಬಾಯಲ್ಲಿ ಬರುತ್ತವೆ, ಬಹುಪಾಲು ಶಂಕರಾಭರಣದಲ್ಲಿವೆ, ಗಮಕ ಅಲ್ಪ.

ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ ಹೆಸರನ್ನು ಹೇಳಿದರೆ ಮಿತ್ರರು ಕೈಮುಗಿಯುತ್ತಾರೆ. ಶ್ರೀವಿದ್ಯೆಯ ಉಪಾಸಕರಾಗಿ ತೊಂಬತ್ತಕ್ಕೂ ಮೇಲ್ಪಟ್ಟು ಕೃತಿಗಳನ್ನು ರಚಿಸಿದ ಆ ಪ್ರಭುಗಳು ಪಿಯಾನೋ ಕಲಿತು, 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಫೆಲೋ ಆದವರು. ಬಡತನದಲ್ಲಿದ್ದ ರಷ್ಯದ ಮೆಡ್ಟ್ನರ್ ಎಂಬ ವಾಗ್ಗೇಯಕಾರನ ಕೃತಿಗಳು ಧ್ವನಿಮುದ್ರಿತವಾಗಿ ಉಳಿದದ್ದು ಅವರ ಔದಾರ್ಯದಿಂದ. ಆತ ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅವರಿಗೆ ಅರ್ಪಿಸಿದ. ಒಂದು ಕಿವಿಯಲ್ಲಿ ಎರಡು ವಿದ್ಯೆಗಳಿಗೆ ಎಡೆಯಿರಲಾರದು ಎನ್ನುವವರು ಅರಮನೆಯ ಕಡೆಗೆ ಒಮ್ಮೆ ನೋಡಬೇಕು. ಆ ಅರಮನೆಯ ಬ್ಯಾಂಡಿನಲ್ಲಿಯೇ ಅಲ್ಲವೆ, ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಕೇಳಿ ಮನಸೋತದ್ದು? ಅವರು ಅದನ್ನು ಹಿಡಿದಾಗ ಸರಿಗಮವನ್ನು ಮರೆಯಲಿಲ್ಲ. ವಾದ್ಯವೇ ಗಮಕಕ್ಕೆ ಬಾಗುವಂತೆ ಮಾಡಿದರು. 2008ರಲ್ಲಿ ಹೊರಬಂದ 'ಕಿನ್ಸ್‌ಮೆನ್' ಎಂಬ ರೆಕಾರ್ಡಿನಲ್ಲಿ, ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪನವರ ಜಾಝ್ ಸ್ಯಾಕ್ಸೋಫೋನಿಗೆ ಸಮಸಮನಾಗಿ ನಿಂತು ನುಡಿಸಿದ್ದು ಆ ಮರೆಯದ ಸರಿಗಮವೇ. ಅದಕ್ಕೂ ಮುಂಚೆ, 1983ರಲ್ಲಿ, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಟಿ. ಎ. ಎಸ್. ಮಣಿಯವರೂ ಆರ್. ಎ. ರಮಾಮಣಿಯವರೂ ಜಾಝ್ ವಾದಕ ಚಾರ್ಲಿ ಮರಿಯಾನೊ ಜೊತೆಗೆ 'ಜ್ಯೋತಿ' ಎಂಬುದನ್ನು ಹೊರತಂದರು. ಅದರಲ್ಲಿ ಯಾರೂ ಯಾರಿಗಾಗಿಯೂ ಏನನ್ನೂ ಮರೆತಂತೆ ಕೇಳಿಸುವುದಿಲ್ಲ.

ಮಿತ್ರರ ಎರಡನೆಯ ಆಕ್ಷೇಪಣೆ ನಿಜವಾದದ್ದು, ಅದನ್ನು ಮರೆಮಾಚಲಾರೆ. ತಂಬೂರಿಯನ್ನು ಚೆನ್ನಾಗಿ ಶ್ರುತಿಮಾಡಿ ಮೀಟಿದರೆ ತಾನಾಗಿ ಮೂಡುವ ಸ್ವಯಂಭೂ ಗಾಂಧಾರಕ್ಕಿಂತ ಗಿಟಾರಿನ ಮೆಟ್ಟಿನ ಗಾಂಧಾರ ಮೇಲಿದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕಿರುವ ಅಂತರವನ್ನು 100 ಭಾಗ ಮಾಡಿದರೆ ಸುಮಾರು 14 ಭಾಗದಷ್ಟು. ಇದೇ ಬಗೆಯ ದೋಷಕ್ಕಾಗಿ ಆಕಾಶವಾಣಿಯವರು ಹಾರ್ಮೋನಿಯಮ್ಮನ್ನು 1940ರಿಂದ ಮೂರು ದಶಕ ಹೊರಗಿಟ್ಟಿದ್ದರು. ಸ್ವರಮೇಳವು ಎಲ್ಲ ರಾಗಕ್ಕೂ ಒಗ್ಗುವುದಿಲ್ಲವೆಂಬುದೂ ನಿಜ. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವಲ್ಲ. ಅದರ ಕೆಳಗೆ ಒಂದು ಗುಚ್ಛವನ್ನು ಊರಿದರೆ ಹಾರುವ ಹಕ್ಕಿಯ ಕಾಲಿಗೆ ಕಲ್ಲು ಕಟ್ಟಿದಂತೆ. ಸಹಾನಕ್ಕೆ, ಭೈರವಿಗೆ ಹಾಗೆ ಮಾಡಿದವರನ್ನು ಕೇಳಿದ್ದೇನೆ, ಎದ್ದು ಹೋಗಿದ್ದೇನೆ. ಆದರೆ ಇದರಿಂದ ಸಿದ್ಧವಾಗುವುದೇನು? ಯಾವ ಧಾಟಿಯು ಸ್ವರಮೇಳವನ್ನು ಬೇಡುತ್ತದೆ, ಯಾವುದು ಒಲ್ಲೆನೆನ್ನುತ್ತದೆ ಎಂದು ತಿಳಿಯಬೇಕಾದರೆ ಎರಡನ್ನೂ ಬಲ್ಲ ಕಿವಿ ಬೇಕು. ಆ ಕಿವಿ ಯಾರಿಗೆ ಬಂದೀತು? ತೋಡಿಯ ಗಾಂಧಾರವನ್ನು ಹಾಡಿದ ಹುಡುಗಿಗೆ ಬಂದೀತೇ ಹೊರತು, ಚುಕ್ಕೆ ಎಣಿಸಿದವರಿಗೆ ಬಾರದು. ಅಂಥವಳನ್ನು ಗಿಟಾರಿನಿಂದ ದೂರವಿಟ್ಟು, ಸಂಗೀತದ ಗಂಧವಿಲ್ಲದವರ ಕೈಗೆ ಅದನ್ನು ಬಿಟ್ಟು, ಆಮೇಲೆ ಭಾವಗೀತೆಗಳ ಕೆಳಗೆ ಕೇಳಿಬರುವ ಒಡ್ಡೊಡ್ಡಾದ ಗುಚ್ಛಗಳಿಗೆ ಮೂಗು ಮುರಿಯುವುದು ಯಾವ ಧರ್ಮ?

ಮತ್ತು ಮಿತ್ರರು ಎಣಿಸದ ಒಂದು ಲಾಭವಿದೆ. ಸರಳೆಯನ್ನು ನಮ್ಮ ಮಕ್ಕಳು ಕಲಿಯುವುದು ಮಾಯಾಮಾಳವಗೌಳದಲ್ಲಿ. ಅದರ ಸ್ವರಗಳಲ್ಲಿ ಅದೇ ದಾಟುಕ್ರಮದಿಂದ ಗುಚ್ಛ ಕಟ್ಟಿ ನೋಡಿ: ಷಡ್ಜದ ಮೇಲೆ ಸ ಗ ಪ ನಿ, ಶುದ್ಧ ರಿಷಭದ ಮೇಲೆ ರಿ ಮ ದ ಸ. ಈ ಎರಡೂ ಒಂದೇ ಜಾತಿಯವು. ಗಿಟಾರಿನಲ್ಲಿ ಕೈಯನ್ನು ಹಾಗೆಯೇ ಒಂದು ಮೆಟ್ಟು ಮುಂದಕ್ಕೆ ಜಾರಿಸಿದರೆ ಸಾಕು. ಮಧ್ಯಮದ ಮೇಲೆ ಮ ದ ಸ ಗ ಕಟ್ಟಿದರೆ ತೀರ ಬೇರೆಯ, ಸಂಜೆಗತ್ತಲಿನಂಥ ಬಣ್ಣ. ಎಪ್ಪತ್ತೆರಡು ಮೇಳಗಳಲ್ಲಿ ಪ್ರತಿಯೊಂದೂ ಹೀಗೆ ತನ್ನದೇ ಗುಚ್ಛಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ಅಮೆರಿಕದ ಪುಸ್ತಕಗಳಲ್ಲಿ ಇವು ಎಲ್ಲವೂ ಸಿಕ್ಕುವುದಿಲ್ಲ. ನಮ್ಮ ಮಕ್ಕಳು ಅವನ್ನು ಕೆದಕಿ ತೆಗೆಯಬೇಕು.

ಹಾಗೆ ಆಗಬೇಕಾದರೆ ಕಲಿಸುವ ಭಾಷೆ ಬದಲಾಗಬೇಕು. ಗಿಟಾರಿನ ಪಾಠವನ್ನು ಸರಿಗಮದಲ್ಲಿ ಬರೆದ ಒಂದು ಚಿಕ್ಕ ಪುಸ್ತಕ ಕನ್ನಡದಲ್ಲಿ ಬೇಕು. ಇಪ್ಪತ್ತು ಪುಟ ಸಾಕು. ತಂದೆತಾಯಿಗಳು ತರಗತಿಗೆ ಹಣ ಕಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಬೇಕು: ನಮ್ಮ ಮಗುವಿನಿಂದ ಹಾಡಿಸುತ್ತೀರಾ? ಇಲ್ಲವೆಂದರೆ ಎದ್ದು ಬರಬೇಕು. ನಮ್ಮ ಸಂಘದ ಕೊಠಡಿ ತಿಂಗಳಲ್ಲಿ ಇಪ್ಪತ್ತೈದು ದಿನ ಬೀಗ ಹಾಕಿಕೊಂಡಿರುತ್ತದೆ. ಒಂದು ಸಂಜೆ ಹಾಡುಗಾರಿಕೆಯ ಮಕ್ಕಳನ್ನೂ ಗಿಟಾರಿನ ಮಕ್ಕಳನ್ನೂ ಅಲ್ಲಿ ಒಟ್ಟಿಗೆ ಕೂರಿಸಿದರೆ ಗೋಡೆ ಬೀಳಲಾರದು. ಈ ವಿಷಯವಾಗಿ ಕಾರ್ಯದರ್ಶಿಗಳಿಗೆ ಎರಡು ಸಾರಿ ಬರೆದಿದ್ದೇನೆ. ಉತ್ತರವನ್ನು ಈ ಪತ್ರಿಕೆಯ ಮೂಲಕವಾದರೂ ಕೊಟ್ಟಾರೆಂದು ನಂಬಿದ್ದೇನೆ.

ದಸರೆಯ ರಜೆಯಲ್ಲಿ ಗಿಟಾರನ್ನು ಬೀರುವಿನ ಮೇಲಿನಿಂದ ಇಳಿಸಿದೆವು. ಧೂಳು ಒರೆಸಿ, ನಾನು ಸ ನಿ ನಿ ನುಡಿಸಿದೆ, ಹುಡುಗಿಯಿಂದ ಮ ಮ ಗ ಹಾಡಿಸಿದೆ. ಮೂರನೆಯ ಸಾರಿ ಅವಳು ಹಾಡುವುದನ್ನು ನಿಲ್ಲಿಸಿ, "ಇದು ನನಗೆ ಗೊತ್ತಿತ್ತಲ್ಲ!" ಎಂದಳು. ದನಿಯಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಈಗ ಪಂಚಮದ ಕೆಳಗೆ ನಾನು ಹೇಳಿಕೊಟ್ಟ ನಾಲ್ಕನ್ನು ಬಿಟ್ಟು ರಿ ಮ ದ ಸ ಇಟ್ಟು ನೋಡಿದ್ದಾಳೆ. ಅದು ತನಗೆ ಎಲ್ಲಕ್ಕಿಂತ ಇಷ್ಟವಂತೆ. ತರಗತಿಗೆ ಹೋಗುತ್ತಿಲ್ಲ; ಹಾಡುಗಾರಿಕೆಯ ಗುರುಗಳಲ್ಲಿಗೆ ಮತ್ತೆ ಹೋಗುತ್ತಿದ್ದಾಳೆ. ಹಿರಿಯ ಮಿತ್ರರನ್ನು ಬರುವ ಭಾನುವಾರ ಮನೆಗೆ ಕರೆದಿದ್ದೇನೆ. ಬರುವೆನೆಂದಿದ್ದಾರೆ, ತಂಬೂರಿಯನ್ನೂ ತರುವೆನೆಂದು ಸೇರಿಸಿದ್ದಾರೆ.